ಕುತ್ತಿಗೆಗೆ ಪಟ್ಟಿ ಹಾಕಿಕೊಂಡ ಸಿಸ್ಟರು

ಅಸುಂಡಿಯಿಂದ ಬಂದ ಎಂಟು ತಿಂಗಳ ಕೂಸಿಗೆ ಸಲಾಯಿನ್ ಹಚ್ಚಬೇಕಿತ್ತು. ಎರಡು ದಿನ ವಾಂತಿಭೇದಿಯಾಗಿ ಕೂಸು ಬಾಡಿಹೋಗಿತ್ತು, ಮೈಯಲ್ಲಿ ನೀರಿಲ್ಲದೆ ನರಗಳೆಲ್ಲ ಒಳಗೆ ಅಡಗಿಕೊಂಡಿದ್ದವು. ಎಡಗೈ ನೋಡಿದೆ, ಬಲಗೈ ನೋಡಿದೆ, ಪಾದ ನೋಡಿದೆ. ಕೊನೆಗೆ ಕಿವಿಯ ಮೇಲೆ, ಕೂದಲಿನ ಅಂಚಿನಲ್ಲಿ, ದಾರದಂಥ ಒಂದು ನರ ಸಿಕ್ಕಿತು. ಸೂಜಿ ಕೂತಿತು, ಪಟ್ಟಿ ಅಂಟಿಸಿದೆ, ಹನಿ ಬೀಳತೊಡಗಿತು ಎಂದು ಪಕ್ಕದಲ್ಲಿದ್ದವರು ಹೇಳಿದರು. ಹೇಳಿದರು ಎನ್ನುತ್ತೇನೆ, ಏಕೆಂದರೆ ನಾನು ನೋಡಲಿಲ್ಲ. ಅರ್ಧ ಗಂಟೆಯಿಂದ ಬಗ್ಗಿಸಿದ್ದ ನನ್ನ ತಲೆ ಮೇಲೇಳಲು ಒಪ್ಪಲಿಲ್ಲ.

ಸೊಂಟ ನೆಟ್ಟಗಾಯಿತು, ಬೆನ್ನು ನೆಟ್ಟಗಾಯಿತು, ಗದ್ದ ಮಾತ್ರ ಎದೆಗೆ ಅಂಟಿಕೊಂಡೇ ಉಳಿಯಿತು. ನೋವಿಗೆ ಕಣ್ಣು ಮುಚ್ಚಿಕೊಂಡು, ಮೇಜಿನ ಅಂಚನ್ನು ಹಿಡಿದು ನಿಂತೆ. ಕೂಸಿನ ಅಜ್ಜಿ ನನ್ನನ್ನು ನೋಡಿ ತನ್ನ ಸೊಸೆಗೆ ಹೇಳಿದ್ದು ಕೇಳಿಸಿತು: "ಕೈ ಮುಗಿಯವಾ. ಸಿಸ್ಟರ್ ಅವರು ನಮ್ಮ ಕೂಸಿನ ಸಲುವಾಗಿ ದೇವರನ್ನ ನೆನಸಾಕತ್ತಾರ."

ಇಬ್ಬರೂ ಕೈ ಮುಗಿದರು. ನಾನು ತಿದ್ದಲು ಹೋಗಲಿಲ್ಲ. ಮರುದಿನ ಕೂಸು ಕಣ್ಣು ಬಿಟ್ಟು ಆಡತೊಡಗಿದಾಗ ಆ ಅಜ್ಜಿ ವಾರ್ಡಿನ ತುಂಬ ನನ್ನ ಭಕ್ತಿಯ ಸುದ್ದಿ ಹಬ್ಬಿಸಿದಳು. ಹದಿನೆಂಟು ವರ್ಷದಿಂದ ಸೂಜಿ ಹಾಕುತ್ತಿದ್ದೇನೆ. ರೋಗಿಗಳ ಮನೆಯವರಲ್ಲಿ ಸೂಜಿಗೆ ಸಿಗದ ಹೆಸರು ಹಿಡಿದುಕೊಂಡ ಕುತ್ತಿಗೆಗೆ ಒಂದೇ ದಿನದಲ್ಲಿ ಸಿಕ್ಕಿತು.

ನಾನು ಡಂಬಳದ ಕಡೆಯವಳು. ನರ್ಸಿಂಗ್ ಮುಗಿಸಿ ಗದಗಿನ ಒಂದು ಖಾಸಗಿ ಆಸ್ಪತ್ರೆಗೆ ಸೇರಿದವಳು ಅಲ್ಲಿಯೇ ಉಳಿದೆ. ಮದುವೆಯಾದ ಮೇಲೆ ಮಲ್ಲಸಮುದ್ರದಲ್ಲಿ ಮನೆ ಮಾಡಿದೆವು. ಗಂಡ ಬೆಳಿಗ್ಗೆ ಗಾಡಿಯ ಮೇಲೆ ನನ್ನನ್ನು ಆಸ್ಪತ್ರೆಗೆ ಬಿಟ್ಟು ತಮ್ಮ ಶಾಲೆಗೆ ಹೋಗುತ್ತಾರೆ. ಮೊದಲ ಎರಡು ವರ್ಷ ಬಿಟ್ಟರೆ ನನ್ನ ಡ್ಯೂಟಿಯೆಲ್ಲ ಮಕ್ಕಳ ವಾರ್ಡಿನಲ್ಲೇ. ಎಳೆಗೂಸಿನ ನರ ಹುಡುಕುವುದರಲ್ಲಿ ನನ್ನ ಕೈ ಚಲೋ ಎಂದು ಹೇಗೋ ಹೆಸರಾಯಿತು. ಬೇರೆ ವಾರ್ಡುಗಳಿಂದಲೂ ಫೋನು ಬರುತ್ತಿತ್ತು. ಒಮ್ಮೊಮ್ಮೆ ಡಾಕ್ಟರುಗಳೇ ಎರಡು ಸಲ ಚುಚ್ಚಿ ನೋಡಿ, "ಆ ಸಿಸ್ಟರ್‌ನ ಕರೀರಿ" ಎನ್ನುತ್ತಿದ್ದರು. ಆ ಮಾತು ಕಿವಿಗೆ ಬಿದ್ದರೆ ನಾನು ಊಟದ ಡಬ್ಬಿ ಅರ್ಧಕ್ಕೆ ಮುಚ್ಚಿ ಓಡುತ್ತಿದ್ದೆ. ಹೊಗಳಿಕೆ ಕೇಳಿ ಓಡುವಾಗ ಮನುಷ್ಯರಿಗೆ ಕುತ್ತಿಗೆ ಇದೆಯೆಂಬುದೇ ನೆನಪಿರುವುದಿಲ್ಲ.

ಕೂಸುಗಳನ್ನು ಮಲಗಿಸುವ ನಮ್ಮ ಮೇಜು ಗಿಡ್ಡದು. ನಾನು ಎತ್ತರದವಳು. ಈ ಎರಡು ಸಂಗತಿಗಳನ್ನು ಒಟ್ಟಿಗೆ ಇಟ್ಟು ಯೋಚಿಸುವುದು ಹದಿನಾರು ವರ್ಷ ಯಾರಿಗೂ ಹೊಳೆಯಲಿಲ್ಲ, ನನಗೂ.

ಕುತ್ತಿಗೆ ಹಿಡಿದ ಮರುದಿನ ನಮ್ಮ ಎಲುಬಿನ ಡಾಕ್ಟರನ್ನು ಮೆಟ್ಟಿಲ ಮೇಲೆ ಹಿಡಿದೆ. ಆಸ್ಪತ್ರೆಯಲ್ಲಿ ಕೆಲಸ ಮಾಡುವವರಿಗೆ ಸಿಗುವ ವೈದ್ಯಕೀಯ ಸೌಲಭ್ಯ ಅದು: ಮೆಟ್ಟಿಲ ಮೇಲೆ, ನಡೆಯುತ್ತ ನಡೆಯುತ್ತ, ಚೀಟಿಯಿಲ್ಲದೆ. ಅವರು ಇಳಿಯುತ್ತಲೇ ಹೇಳಿದರು, "ಒಂದು ಕಾಲರ್ ಹಾಕ್ಕೋರಿ ಸಿಸ್ಟರ್, ಹದಿನೈದು ದಿವಸ. ಬಗ್ಗಬ್ಯಾಡ್ರಿ, ಆತಲ್ಲ?" ಬಗ್ಗದೆ ಕೂಸಿನ ನರ ಹುಡುಕುವುದು ಹೇಗೆ ಎಂದು ಕೇಳುವಷ್ಟರಲ್ಲಿ ಅವರು ತಿರುವಿನಲ್ಲಿ ಮರೆಯಾಗಿದ್ದರು. ತಿರುಗಿ ಕರೆಯೋಣವೆಂದರೆ ನನ್ನ ತಲೆ ಎಡಕ್ಕೆ ತಿರುಗುತ್ತಿರಲಿಲ್ಲ.

ಕಾಲರ್ ಎಂದರೆ ಕುತ್ತಿಗೆಗೆ ಸುತ್ತಿಕೊಳ್ಳುವ ದಪ್ಪನೆಯ ಬಿಳಿ ಪಟ್ಟಿ. ಅದರ ಮೇಲೆ ಹೆಲ್ಮೆಟ್ ಕೂರುವುದಿಲ್ಲ. ಹೆಲ್ಮೆಟ್ ಇಲ್ಲದೆ ಪೊಲೀಸರು ಬಿಡುವುದಿಲ್ಲ. ಹೀಗಾಗಿ ಪಟ್ಟಿಯನ್ನು ಚೀಲದಲ್ಲಿಟ್ಟುಕೊಂಡು, ಗಾಡಿಯ ಮೇಲೆ ರಸ್ತೆಯ ಪ್ರತಿ ತಗ್ಗಿಗೂ ಅಯ್ಯೋ ಎನ್ನುತ್ತ ಬಂದು, ತಗ್ಗುಗಳೆಲ್ಲ ಮುಗಿದ ಮೇಲೆ ಗೇಟಿನೊಳಗೆ ಅದನ್ನು ಹಾಕಿಕೊಳ್ಳುತ್ತಿದ್ದೆ.

ವಾರ್ಡಿನಲ್ಲಿ ಬೇರೆ ಫಜೀತಿ. ಶಿರಹಟ್ಟಿಯಿಂದ ಬಂದ ಒಬ್ಬ ತಂದೆ ನನ್ನ ಕೈಯಲ್ಲಿ ಸೂಜಿ ನೋಡಿ ಮಗಳನ್ನು ಎದೆಗವಚಿಕೊಂಡ. "ನೀವ ಬ್ಯಾಡ್ರಿ ಸಿಸ್ಟರ್, ನಿಮಗ ಮೊದಲ ಆರಾಮಿಲ್ಲ. ಬ್ಯಾರೆದವರನ್ನ ಕಳಸ್ರಿ," ಎಂದ. ಬೇರೆಯವಳು, ಕೆಲಸಕ್ಕೆ ಸೇರಿ ಮೂರು ತಿಂಗಳಾಗಿದ್ದ ಹುಡುಗಿ, ಆ ಮಗುವಿಗೆ ನಾಲ್ಕು ಸಲ ಚುಚ್ಚಿದಳು. ತಂದೆಗೆ ಸಮಾಧಾನವಾಯಿತು. ಚುಚ್ಚಿದವಳ ಕುತ್ತಿಗೆ ನೆಟ್ಟಗಿತ್ತಲ್ಲ.

ಸುದ್ದಿ ಮೇಟ್ರನ್ ತನಕ ಹೋಯಿತು. ನಮ್ಮ ಮೇಟ್ರನ್ ಎಲ್ಲ ನರ್ಸುಗಳ ಮೇಲಿನವರು. ಅವರು ವಾರ್ಡಿಗೆ ಬಂದರೆ ಹಾಸಿಗೆಯ ಚಾದರಗಳು ತಾವಾಗಿಯೇ ನೆರಿಗೆ ಬಿಡಿಸಿಕೊಳ್ಳುತ್ತವೆ ಎಂದು ನಾವು ನಗುತ್ತಿದ್ದೆವು. ನನ್ನನ್ನು ಕೋಣೆಗೆ ಕರೆಸಿದರು.

"ಎಷ್ಟ ದಿವಸ ಐತಿ ಇದು?"

"ಹದಿನೈದು ದಿವಸ ಹೇಳ್ಯಾರ್ರಿ ಮೇಡಂ."

"ಹಾಕ್ಕೋ, ಬ್ಯಾಡ ಅನ್ನಂಗಿಲ್ಲ. ಆದರ ದೊಡ್ಡ ಡಾಕ್ಟರ್ ರೌಂಡಿಗೆ ಬಂದಾಗ ತಗದ ಇಡು. ಮತ್ತ ಮಂದಿ ನೋಡಾಕ ಬರೋ ಹೊತ್ತಿನಾಗೂ ತಗದ ಇಡು. ದವಾಖಾನಿ ಸಿಸ್ಟರ್ ಕುತ್ತಿಗಿಗೆ ಪಟ್ಟಿ ಹಾಕ್ಕೊಂಡು ನಿಂತ್ರ, ಇಲ್ಲಿ ಆರಾಮ ಆಗತೈತಿ ಅಂತ ಯಾರರ ನಂಬತಾರ?"

ಅವರ ಮಾತಿನಲ್ಲಿ ನ್ಯಾಯವಿಲ್ಲದೆ ಇರಲಿಲ್ಲ. ಒಂದೇ ತೊಡಕೆಂದರೆ, ರೌಂಡಿನ ಹೊತ್ತು ಮತ್ತು ಮಂದಿ ಬರುವ ಹೊತ್ತು ಬಿಟ್ಟರೆ ಉಳಿಯುವುದು ನನ್ನ ಊಟದ ಹೊತ್ತು. ನಾನು ಊಟ ಮಾಡುವಾಗ ಪಟ್ಟಿ ಹಾಕಿಕೊಂಡೆ. ಪಟ್ಟಿಯ ಮೇಲೆ ಸಾರು ಚೆಲ್ಲಿತು.

ಹಾಗೆ ಸಾರು ಒರೆಸುತ್ತಿದ್ದಾಗಲೇ ಚಾಚಿ ಬಂದು ನನ್ನ ಹಿಂದೆ ನಿಂತದ್ದು.

ಚಾಚಿ ಎಂದು ಎಲ್ಲರೂ ಕರೆಯುತ್ತಿದ್ದುದು ನಮ್ಮ ಮಹಡಿಯ ಆಯಾಳನ್ನು. ಬೆಟಗೇರಿಯವಳು. ಮನೆಯಲ್ಲಿ ಹಿಂದೆ ಮಗ್ಗವಿತ್ತು, ಗಂಡ ನೇಯುತ್ತಿದ್ದ. ಮಗ್ಗ ನಿಂತ ಮೇಲೆ ಅವಳು ಆಸ್ಪತ್ರೆಗೆ ಬಂದಳು. ಐವತ್ತೈದರ ಸುಮಾರು ವಯಸ್ಸು, ತೆಳ್ಳನೆಯ ಮೈ. ನಮ್ಮ ಮಹಡಿಯಲ್ಲಿ ಮಕ್ಕಳ ವಾರ್ಡಿನ ಎದುರಿಗೇ ಎಲುಬಿನ ವಾರ್ಡು. ಎರಡಕ್ಕೂ ಅವಳೇ. ನಾನು ಹತ್ತು ಕಿಲೋದ ಕೂಸಿನ ಮುಂದೆ ಬಗ್ಗುವವಳಾದರೆ, ಅವಳು ಕಾಲಿಗೆ ಪ್ಲಾಸ್ಟರ್ ಹಾಕಿದ, ಎಂಬತ್ತು ಕಿಲೋದ ಗಂಡಸರನ್ನು ಕಂಕುಳಿಗೆ ಕೈ ಹಾಕಿ ಮೇಲಕ್ಕೆ ಎಳೆಯುವವಳು.

ಬಿಸಿನೀರಲ್ಲಿ ಅದ್ದಿ ಹಿಂಡಿದ ಟವೆಲನ್ನು ನನ್ನ ಕುತ್ತಿಗೆಯ ಮೇಲಿಟ್ಟು, "ತಲಿ ಕೆಳಗ ಬಿಡ್ರಿ ಸಿಸ್ಟರ್," ಎಂದಳು. ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿದಳು. ನನಗೆ ಅಳು ಬರುವಷ್ಟು ಹಿತವಾಯಿತು. ಅಂದಿನಿಂದ ದಿನವೂ ಊಟದ ಹೊತ್ತಿಗೆ ಟವೆಲು ತರುತ್ತಿದ್ದಳು. ನಾಲ್ಕೈದು ದಿನವಾದ ಮೇಲೆ ಒಂದು ಸಂಗತಿ ನನ್ನ ಗಮನಕ್ಕೆ ಬಂತು. ಎಡಗೈಯಿಂದ ಮಾತ್ರ ಒತ್ತುತ್ತಿದ್ದಳು. ಎಡಚಿ ಇರಬೇಕು ಎಂದುಕೊಂಡೆ. ಹನ್ನೆರಡು ವರ್ಷ ಜೊತೆಗೆ ಕೆಲಸ ಮಾಡಿದವಳು ಎಡಚಿಯೋ ಅಲ್ಲವೋ ಎಂಬುದೂ ನನಗೆ ಗೊತ್ತಿರಲಿಲ್ಲ.

ಲಕ್ಷ್ಮೇಶ್ವರದ ಅಜ್ಜನ ಸುದ್ದಿ ಎತ್ತಿದವಳು ಅವಳೇ. ಉಳುಕು, ಹಿಡಿತ ತೆಗೆಯುವುದರಲ್ಲಿ ಆತನದು ದೊಡ್ಡ ಕೈ, ದೂರದಿಂದ ಜನ ಬರುತ್ತಾರೆ. "ಡಾಕ್ಟರಿಗೆ ಹೇಳಬ್ಯಾಡ್ರಿ ಮತ್ತ," ಎಂದಳು. ಆಸ್ಪತ್ರೆಯ ನರ್ಸು ಹಿಡಿತ ತೆಗೆಸಿಕೊಳ್ಳಲು ಅಜ್ಜನ ಹತ್ತಿರ ಹೋಗುವುದೆಂದರೆ ಅರ್ಚಕರು ಬೇರೆ ಗುಡಿಯಲ್ಲಿ ಹರಕೆ ಹೊತ್ತ ಹಾಗೆ. ಆದರೂ ನನ್ನ ವಾರದ ರಜೆಯ ದಿನ ಹೊರಟೆ. ಚಾಚಿಯೂ ಅಂದು ರಜೆ ಹಾಕಿದಳು. ನನ್ನನ್ನು ಕರೆದೊಯ್ಯಲು ರಜೆ ಹಾಕಿದಳೆಂದೇ ತಿಳಿದೆ.

ಶಿರಹಟ್ಟಿಯ ಮೇಲೆ ಹೋಗುವ ಬಸ್ಸು. ಕಿಟಕಿಯ ಬದಿಗೆ ನಾನು, ನನ್ನ ಬಲಕ್ಕೆ ಅವಳು. ಡ್ಯೂಟಿಯಲ್ಲಿ ನನ್ನನ್ನು ನೀವು ಎನ್ನುವವಳು ಬಸ್ಸು ಊರು ದಾಟುತ್ತಿದ್ದಂತೆ ನೀನು ಎನ್ನತೊಡಗಿದಳು. ನನಗದು ಇಷ್ಟವಾಯಿತು.

"ನೋಡವಾ, ಗುಡ್ಡದ ಮ್ಯಾಲೆ ಫ್ಯಾನು ಹೆಂಗ ತಿರಗಾಕತ್ತಾವ."

"ಎಡಕ್ಕ ನನ್ನ ತಲಿ ತಿರಗಂಗಿಲ್ಲ ಚಾಚಿ. ನೀನ ನೋಡಿ ಹೇಳು."

ಅವಳು ಹೇಳುತ್ತ ಹೋದಳು. ಗಾಳಿಯಂತ್ರಗಳು ಎಷ್ಟು ತಿರುಗುತ್ತಿವೆ, ಎಷ್ಟು ಸುಮ್ಮನೆ ನಿಂತಿವೆ. ಶಿರಹಟ್ಟಿಯಲ್ಲಿ ಬಸ್ಸು ನಿಂತಾಗ ನಾನು ಚಹಾ ತರಲು ಇಳಿದೆ. ನಾನು ಕೊಟ್ಟ ಲೋಟವನ್ನು ಅವಳು ಎರಡೂ ಕೈಯಲ್ಲಿ ಹಿಡಿದು, ಒಂದು ಕ್ಷಣ ದಿಟ್ಟಿಸಿ ನೋಡಿ, ಆಮೇಲೆ ಬಾಯಿಗಿಟ್ಟಳು.

ಅಜ್ಜನ ಮನೆಯ ಮುಂದಿನ ಕಟ್ಟೆಯ ಮೇಲೆ ಏಳೆಂಟು ಜನ ಕೂತಿದ್ದರು. ನಮ್ಮ ಸರದಿ ಬಂದಾಗ ಒಳಗೆ ಹೋದೆವು. ಚಾಪೆಯ ಮೇಲೆ ಕೂತಿದ್ದ ಅಜ್ಜ ನಮ್ಮನ್ನು ನೋಡಲು ತಲೆ ತಿರುಗಿಸಲಿಲ್ಲ. ಕೈಯೂರಿ ಇಡೀ ಮೈಯನ್ನೇ ತಿರುಗಿಸಿಕೊಂಡ. ನನಗೆ ತಕ್ಷಣ ತಿಳಿಯಿತು. ಮೂರು ವಾರದಿಂದ ನಾನೂ ಹಾಗೆಯೇ ತಿರುಗುತ್ತಿದ್ದೆ.

"ಅಜ್ಜಾರ, ನಿಮಗೂ ಕುತ್ತಿಗಿ ಐತೇನ್ರಿ?" ಎಂದೆ.

"ಐವತ್ತು ವರ್ಷ ಮಂದಿ ಕಾಲಾಗ ಬಗ್ಗಿ ಕುಂತೇನಿ ತಂಗಿ. ಇರಲಾರದ ಎಲ್ಲಿಗೆ ಹೋಗತೈತಿ?" ಎಂದ ಆತ. ಆಮೇಲೆ, "ನೀವೇನ ಕೆಲಸ ಮಾಡತೀರಿ?" ಎಂದು ಕೇಳಿದ.

ಸುಳ್ಳು ಹೇಳಬೇಕೆಂದು ಬಸ್ಸಿನಲ್ಲಿ ನಿರ್ಧರಿಸಿಕೊಂಡು ಬಂದಿದ್ದೆ. ಆದರೆ ಬಾಯಿಗೆ ಖರೆಯೇ ಬಂತು. ಗದಗಿನ ದವಾಖಾನೆ, ನಾನು ಸಿಸ್ಟರ್, ಈಕೆ ಆಯಾ. ಅಜ್ಜ ನಗಲಿಲ್ಲ. ನನ್ನ ಹೆಗಲು, ಕುತ್ತಿಗೆ ಮುಟ್ಟಿ ನೋಡಿದ. "ಕೈಗೆ ಜೋಮು ಬರತೈತೇನು? ಬೆರಳಿಗೆ ಇರುವಿ ಹರದಂಗ ಆಗತೈತೇನು?"

"ಇಲ್ರಿ."

"ಖರೆ ಹೇಳು ಮತ್ತ. ನೋವು ಕೈಗೆ ಇಳದಿದ್ರ ನಾ ಕುತ್ತಿಗಿ ಮುಟ್ಟಂಗಿಲ್ಲ. ಅದು ನನ್ನ ಕೆಲಸಲ್ಲ."

"ನನಗ ಇಲ್ರಿ ಅಜ್ಜಾರ."

ಆಗ ಚಾಚಿ, ನೆಲ ನೋಡುತ್ತ, "ನನಗ ಐತ್ರಿ," ಎಂದಳು.

ಬಲಗೈ ಮುಂದೆ ಹಿಡಿದು ತೋರಿಸಿದಳು. ಹೆಬ್ಬೆರಳು, ಅದರ ಪಕ್ಕದ ಎರಡು ಬೆರಳು. ಒಂದು ವರ್ಷದ ಮೇಲಾಯಿತು, ಮೊದಲು ಕುತ್ತಿಗೆ ನೋಯುತ್ತಿತ್ತು, ಆಮೇಲೆ ಹೆಗಲು, ಈಗ ಬೆರಳಲ್ಲಿ ಏನು ಹಿಡಿದಿದ್ದೇನೆಂದು ನೋಡದೆ ಗೊತ್ತಾಗುವುದಿಲ್ಲ ಎಂದಳು. ಚಹಾದ ಲೋಟವನ್ನು ಅವಳು ದಿಟ್ಟಿಸಿದ್ದು ಯಾಕೆಂದು ನನಗೆ ಅಲ್ಲಿ ತಿಳಿಯಿತು. ಅದಕ್ಕಿಂತ ಹಳೆಯದೊಂದು ನೆನಪಾಗಿ ನನ್ನ ಮುಖ ಬಿಸಿಯಾಯಿತು. ಕೆಲವು ತಿಂಗಳ ಹಿಂದೆ ಸೂಜಿ, ಹತ್ತಿ, ಎಲ್ಲ ಜೋಡಿಸಿದ ಸ್ಟೀಲಿನ ಟ್ರೇ ಅವಳ ಕೈಯಿಂದ ಜಾರಿ ಬಿದ್ದಿತ್ತು. ತಾಯಂದಿರೆಲ್ಲರ ಮುಂದೆ ನಾನು ಕೂಗಿದ್ದೆ, "ಲಕ್ಷ್ಯ ಎಲ್ಲಿ ಇಟ್ಟಿರತೀ ಚಾಚಿ? ಕಣ್ಣ ಕಾಣಂಗಿಲ್ಲೇನು?" ಅವಳು ಕೂತು ಹತ್ತಿ ಆರಿಸಿದ್ದಳು. ಎಡಗೈಯಿಂದ ಆರಿಸಿದ್ದಳೇ ಎಂದು ಎಷ್ಟು ನೆನೆದರೂ ನೆನಪಾಗಲಿಲ್ಲ.

ಅಜ್ಜ ನನ್ನ ಹೆಗಲಿಗೆ ಎಣ್ಣೆ ಹಚ್ಚಿ ಸ್ವಲ್ಪ ತಿಕ್ಕಿದ, ಕುತ್ತಿಗೆಯನ್ನು ತಿರುವಲಿಲ್ಲ. ಚಾಚಿಯನ್ನು ಮುಟ್ಟಲೇ ಇಲ್ಲ. "ಇದಕ್ಕ ಫೋಟೋ ತಗಸಬೇಕವಾ. ನಿಮ್ಮ ದವಾಖಾನ್ಯಾಗ ತೋರಸ್ರಿ, ತಡಾ ಮಾಡಬ್ಯಾಡ್ರಿ." ನಾವು ಏಳುವಾಗ ದನಿ ತಗ್ಗಿಸಿ ನನ್ನನ್ನು ಕೇಳಿದ: "ಅಲ್ಲ ತಂಗಿ, ಅಲ್ಲಿ ಕುತ್ತಿಗಿ ನೋಡೋ ಡಾಕ್ಟರ್ ಚಲೋ ಅದಾರೇನು? ನನಗೂ ಒಂದು ನಂಬರ್ ಹಚ್ಚಿಸಿಕೊಡಾಕ ಬರತೈತೇನು? ಇಲ್ಲಿ ಯಾರಿಗೂ ಹೇಳಬ್ಯಾಡ ಮತ್ತ."

ಎಲುಬಿನ ಡಾಕ್ಟರ್ ಮೆಟ್ಟಿಲ ಮೇಲೆ ಕೇಳದೆ ಬಿಟ್ಟಿದ್ದ ಪ್ರಶ್ನೆಯನ್ನು ಆ ಅಜ್ಜ ಚಾಪೆಯ ಮೇಲೆ ಕೂತು ಮೊದಲಿಗೇ ಕೇಳಿದ್ದ. ಮರಳಿ ಬರುವಾಗ ಬಸ್ಸಿನಲ್ಲಿ ನಾನೇ ಮಾತು ತೆಗೆದೆ. "ಯಾಕ ಹೇಳಲಿಲ್ಲ ಚಾಚಿ?"

"ಯಾರಿಗೆ ಹೇಳಲಿ? ಕೈಯಾಗ ಶಕ್ತಿ ಇಲ್ಲ ಅಂತ ಗೊತ್ತಾದ್ರ ನಾಳಿಂದ ಬರಬ್ಯಾಡ ಅಂತಾರ. ನಾವು ನಿಮ್ಮಂಗ ಅಲ್ಲವಾ, ಗುತ್ತಿಗಿಯವರು."

"ನಾ ಬೈದಾಗರ ಹೇಳಬೇಕಿಲ್ಲೋ?"

"ನಿನಗೂ ಅವತ್ತ ಕುತ್ತಿಗಿ ನೂಸಾಕತ್ತಿತ್ತು. ಮಾರಿ ನೋಡಿದ್ರ ಗೊತ್ತಾಗತಿತ್ತು," ಎಂದಳು.

ಶಿರಹಟ್ಟಿಯಲ್ಲಿ ಬಸ್ಸು ನಿಂತಾಗ ಚಹಾ ತಂದು ಲೋಟವನ್ನು ಅವಳ ಎಡಗೈಗೆ ಕೊಟ್ಟೆ.

ಈ ಸಲ ಮೆಟ್ಟಿಲ ಮೇಲೆ ಕೇಳಬಾರದೆಂದು ನಿಶ್ಚಯಿಸಿದೆ. ಮರುವಾರ ಹೊರಗಿನವರಂತೆ ಕೌಂಟರಿನಲ್ಲಿ ನಿಂತು ಅವಳ ಹೆಸರಿಗೆ ಚೀಟಿ ಮಾಡಿಸಿದೆ. ಚಾಚಿ ಆಯಾಗಳ ನೀಲಿ ಸೀರೆ ಬಿಟ್ಟು, ಮದುವೆ ಮನೆಗೆ ಉಡುವ ಸೀರೆ ಉಟ್ಟು ಬಂದಿದ್ದಳು. ಸರದಿ ಬಂದಾಗ ಇಬ್ಬರೂ ಒಳಗೆ ಹೋದೆವು. ನಾನು ಬಾಗಿಲ ಬಳಿ ನಿಂತೆ.

ಚೀಟಿ ಇದ್ದರೆ ಅದೇ ಡಾಕ್ಟರ್ ಎಷ್ಟು ಒಳ್ಳೆಯವರು! ಕುರ್ಚಿ ತೋರಿಸಿ ಕೂರಿಸಿದರು. ಬೆರಳುಗಳನ್ನು ಒಂದೊಂದಾಗಿ ಒತ್ತಿ ಕೇಳಿದರು, ಸುತ್ತಿಗೆಯಿಂದ ಮೊಣಕೈ ತಟ್ಟಿದರು, ಕಣ್ಣು ಮುಚ್ಚಿಸಿ ಹತ್ತಿಯಿಂದ ಸವರಿದರು. ಕಾಲು ಗಂಟೆ ನೋಡಿದರು. ಕೊನೆಗೆ ಬರೆಯುತ್ತ ಕೇಳಿದರು, "ಎಲ್ಲಿಂದ ಬಂದೀರಮ್ಮಾ?"

"ಇಲ್ಲೇ ಮ್ಯಾಲಿಂದರಿ," ಎಂದಳು ಚಾಚಿ.

"ಮ್ಯಾಲೆ ಅಂದ್ರ?"

"ಎರಡನೇ ಮಾಳಗಿ. ನಿಮ್ಮ ವಾರ್ಡಿನ ಆಯಾ ಅದೀನ್ರಿ ಸಾಹೇಬ್ರ. ನಿನ್ನೆ ನೀವು ಪ್ಲಾಸ್ಟರ್ ಹಾಕಿದ ಮುಂಡರಗಿ ಪೈಲ್ವಾನರ ಕಾಲು ಹಿಡಕೊಂಡಿದ್ನಲ್ರಿ."

ಡಾಕ್ಟರ ಪೆನ್ನು ನಿಂತಿತು. ಅವರು ಅವಳ ಮುಖ ನೋಡಿದರು, ಆಮೇಲೆ ಬಾಗಿಲ ಬಳಿ ನಿಂತ ನನ್ನನ್ನು ನೋಡಿದರು. ಕೆಟ್ಟ ಮನುಷ್ಯರಲ್ಲ, ಕಿವಿ ಕೆಂಪಾಯಿತು. ಸ್ಕ್ಯಾನ್ ಮಾಡಿಸಿದರು, ಕುತ್ತಿಗೆಯ ಎರಡು ಎಲುಬಿನ ನಡುವಿನ ಮೆತ್ತೆ ಸರಿದು ನರ ಒತ್ತಿದೆ ಎಂದರು. ಆಪರೇಶನ್ ಈಗಲೇ ಬೇಡ, ಗುಳಿಗೆ, ವ್ಯಾಯಾಮ. ಮುಖ್ಯವಾಗಿ ಭಾರ ಎತ್ತಬಾರದು. ಅದನ್ನು ಚೀಟಿಯ ಮೇಲೆ ಬರೆದು ಕೆಳಗೆ ಎರಡು ಗೆರೆ ಎಳೆದರು.

ಭಾರ ಎತ್ತಬಾರದ ಆಯಾ ಎಂದರೆ ನೀರಿಗಿಳಿಯಬಾರದ ಅಂಬಿಗನಂತೆ. ಆ ಚೀಟಿಯನ್ನು ಚಾಚಿ ಯಾರಿಗೂ ತೋರಿಸಲಿಲ್ಲ. ನಾಲ್ಕು ಮಡಿಕೆ ಮಾಡಿ ಪರ್ಸಿನಲ್ಲಿಟ್ಟು ಮೇಲೆ ಹೋಗಿ ಪೈಲ್ವಾನರನ್ನು ಮಗ್ಗುಲಿಗೆ ಹೊರಳಿಸಿದಳು.

ಲಕ್ಷ್ಮೇಶ್ವರದ ಅಜ್ಜ ನಿಜವಾಗಿಯೂ ಬಂದ. ತಲೆಗೆ ರುಮಾಲು ಸುತ್ತಿ, ಮುಖಕ್ಕೆ ಮಾಸ್ಕ್ ಹಾಕಿಕೊಂಡು, ಯಾರೂ ಗುರುತು ಹಿಡಿಯದಂತೆ ಸರದಿಯಲ್ಲಿ ಕೂತ. ಡಾಕ್ಟರು ಆತನಿಗೂ ಕಾಲರ್ ಬರೆದುಕೊಟ್ಟರು. "ಇದನ್ನ ಹಾಕ್ಕೊಂಡು ನಾ ಕಟ್ಟಿ ಮ್ಯಾಲೆ ಕುಂತ್ರ ನನ್ನ ಹಂತೇಕ ಯಾರ ಬರತಾರ ತಂಗಿ?" ಎಂದು ನನ್ನನ್ನು ಕೇಳಿದ. ನಮ್ಮ ಮೇಟ್ರನ್ ಹೇಳಿದ್ದೂ ಇದನ್ನೇ ಎಂದು ನಾನು ಹೇಳಲಿಲ್ಲ.

ಆ ತಿಂಗಳ ಕೊನೆಗೆ ನಮ್ಮಲ್ಲಿಗೆ ಫಿಸಿಯೋಥೆರಪಿ ಓದುವ ಒಬ್ಬ ಹುಡುಗಿ ಬಂದಳು. ಆಸ್ಪತ್ರೆಯ ಸಿಬ್ಬಂದಿಯ ಕುತ್ತಿಗೆ ನೋವು ಅವಳ ಪರೀಕ್ಷೆಯ ವಿಷಯವಂತೆ. ಕೈಯಲ್ಲಿ ಕಾಗದದ ಕಟ್ಟು. ಪ್ರತಿ ಕಾಗದದ ಮೇಲೂ ಬೆನ್ನು ತೋರಿಸಿ ನಿಂತ ಮನುಷ್ಯನ ಚಿತ್ರ. ಎಲ್ಲಿ ನೋವಿದೆಯೋ ಅಲ್ಲಿ ಗೆರೆ ಹಾಕಬೇಕು. ನರ್ಸುಗಳಿಗೆ ಕೊಟ್ಟಳು, ಲ್ಯಾಬಿನವರಿಗೆ ಕೊಟ್ಟಳು, ಡಾಕ್ಟರುಗಳಿಗೂ ಕೊಟ್ಟಳು. ಮೇಟ್ರನ್ ತಮ್ಮ ಕಾಗದ ತುಂಬುವಾಗ ನಮ್ಮನ್ನೆಲ್ಲ ಹೊರಗೆ ಕಳಿಸಿ ಬಾಗಿಲು ಹಾಕಿಕೊಂಡರು. ಕಾಗದಗಳನ್ನು ಒಟ್ಟು ಮಾಡಿ ಕೊಡುವ ಕೆಲಸ ನನ್ನದಾಗಿತ್ತು. ನೋಡಬಾರದಿತ್ತು, ನೋಡಿದೆ. ಅವರ ಚಿತ್ರದ ಮನುಷ್ಯನ ತಲೆಯಿಂದ ಸೊಂಟದವರೆಗೆ ಗೆರೆ ಇಲ್ಲದ ಜಾಗವೇ ಇರಲಿಲ್ಲ. ಮೂವತ್ತು ವರ್ಷ ಆ ಹೆಂಗಸು ಎಲ್ಲರ ಮುಂದೆ ಕೋಲಿನಂತೆ ನೆಟ್ಟಗೆ ನಡೆದಿದ್ದರು.

"ಚಾಚಿಗೊಂದು ಕಾಗದ ಕೊಡು," ಎಂದೆ ಹುಡುಗಿಗೆ.

ಅವಳು ಹೆಸರುಗಳ ಪಟ್ಟಿ ನೋಡಿದಳು. "ಆಯಾಗಳ ಹೆಸರು ಇದರಾಗ ಇಲ್ರಿ ಅಕ್ಕಾ. ಅವರು ಗುತ್ತಿಗಿ ಮ್ಯಾಲೆ ಬರತಾರಲ್ರಿ, ಸಿಬ್ಬಂದಿ ಅಲ್ಲಂತ."

"ಕುತ್ತಿಗಿ ಅರ ಐತಿ ಹೌದಲ್ಲ ಅವರಿಗೆ?"

ಹುಡುಗಿ ಜಾಣೆ. ಅಂದು ಮಧ್ಯಾಹ್ನ ಕಾಗದಗಳನ್ನೆಲ್ಲ ಬದಿಗಿಟ್ಟು ಎಲುಬಿನ ವಾರ್ಡಿನಲ್ಲಿ ಒಂದು ಮೂಲೆಯಲ್ಲಿ ನಿಂತು ಚಾಚಿ ಕೆಲಸ ಮಾಡುವುದನ್ನು ನೋಡಿದಳು. ಆಮೇಲೆ ನಮ್ಮ ವಾರ್ಡಿಗೆ ಬಂದು ನಾನು ಒಂದು ಕೂಸಿಗೆ ಸೂಜಿ ಹಾಕುವುದನ್ನು ನೋಡಿದಳು. ನಾನು ಮುಗಿಸಿ ಕುತ್ತಿಗೆ ಹಿಡಿದುಕೊಂಡು ನಿಂತಾಗ ಕೇಳಿದಳು, "ಅಕ್ಕಾ, ಈ ಟೇಬಲ್ ಇಷ್ಟ ಗಿಡ್ಡ ಯಾಕ ಐತ್ರಿ?"

ಅಂದೇ ಹೋಗಿ ಆಸ್ಪತ್ರೆಯ ಬಡಿಗನಿಗೆ ಹೇಳಿದೆ. ಅವನು ಮರುದಿನ ಮೇಜಿನ ನಾಲ್ಕು ಕಾಲಿನ ಕೆಳಗೆ ಗೇಣುದ್ದದ ಮರದ ತುಂಡು ಕೂರಿಸಿಕೊಟ್ಟ. ಒಂದು ತಾಸಿನ ಕೆಲಸ. ಹದಿನಾರು ವರ್ಷದಲ್ಲಿ ಯಾರಾದರೂ ಎಂದಾದರೂ ಮಾಡಬಹುದಾಗಿದ್ದ ಕೆಲಸ. ಅದರ ಪಕ್ಕದಲ್ಲಿ ಒಂದು ಸ್ಟೂಲು ಇಟ್ಟು ಕೂತು ಸೂಜಿ ಹಾಕತೊಡಗಿದೆ. ನೋವು ಹೋಗಲಿಲ್ಲ, ಆದರೆ ನನ್ನ ತಲೆ ಎಡಕ್ಕೆ ತಿರುಗತೊಡಗಿತು.

ಹುಡುಗಿಯ ಕೆಲಸ ಮುಗಿದ ಸಂತೋಷಕ್ಕೆ, ಹಾಗೂ ಆಸ್ಪತ್ರೆಯ ಹೆಸರಿಗೆ ಒಳ್ಳೆಯದೆಂದು, ಮೇಲಿನ ಸಭಾಗೃಹದಲ್ಲಿ ಒಂದು ಉಪನ್ಯಾಸ ಏರ್ಪಾಡಾಯಿತು. ಹೊರಗಿನಿಂದ ಒಬ್ಬ ತಜ್ಞರು ಬಂದು ಸಿಬ್ಬಂದಿ ಬೆನ್ನು ಕುತ್ತಿಗೆ ಕಾಪಾಡಿಕೊಳ್ಳುವುದು ಹೇಗೆ, ಭಾರ ಎತ್ತುವುದು ಹೇಗೆ ಎಂದು ಹೇಳುವವರಿದ್ದರು. ಅಂದು ಲಿಫ್ಟ್ ಕೆಟ್ಟಿತ್ತು. ಸಭಾಗೃಹದಲ್ಲಿ ಕುರ್ಚಿ ಸಾಲದಾಗಿದ್ದವು. ಹೀಗಾಗಿ ಬೆಳಿಗ್ಗೆಯಿಂದ ಆಯಾಗಳೆಲ್ಲ ಕೆಳಗಿನ ಕುರ್ಚಿಗಳನ್ನು ತಲೆಯ ಮೇಲೆ ನಾಲ್ಕು ನಾಲ್ಕು ಇಟ್ಟುಕೊಂಡು ನಾಲ್ಕು ಮಾಳಿಗೆ ಏರಿದರು. ಚಾಚಿಯೂ ಏರಿದಳು. ಬೇಡವೆಂದು ನಾನು ತಡೆದರೆ, "ಸುಮ್ಮನಿರ್ರಿ ಸಿಸ್ಟರ್, ಸುಪರ್‌ವೈಸರ್ ನೋಡಾಕತ್ತಾನ," ಎಂದಳು.

ಉಪನ್ಯಾಸ ಚೆನ್ನಾಗಿತ್ತು. ತಜ್ಞರು ಪರದೆಯ ಮೇಲೆ ಚಿತ್ರ ತೋರಿಸಿದರು. ಪರದೆ ಎತ್ತರದಲ್ಲಿದ್ದುದರಿಂದ ನಾವೆಲ್ಲ ಎರಡು ತಾಸು ತಲೆ ಮೇಲೆತ್ತಿ ನೋಡಿದೆವು. ಕುರ್ಚಿ ಹೊತ್ತು ತಂದವರಿಗೆ ಕುರ್ಚಿ ಸಿಕ್ಕಿರಲಿಲ್ಲ. ಹಿಂದಿನ ಗೋಡೆಗೆ ಒರಗಿ ನಿಂತಿದ್ದರು. "ತಲೆಯ ಮೇಲೆ ಎಂದೂ ಭಾರ ಹೊರಬಾರದು," ಎಂದು ತಜ್ಞರು ಹೇಳಿದಾಗ ಹಿಂದಿನಿಂದ ಒಂದು ನಗು ಕೇಳಿತು. ಅದು ಚಾಚಿಯದು. ತಡೆಯಲಾರದೆ ಸೆರಗು ಬಾಯಿಗೆ ಒತ್ತಿಕೊಂಡಿದ್ದಳು. ಉಳಿದ ಆಯಾಗಳಿಗೂ ನಗು ಹತ್ತಿತು. ದೊಡ್ಡ ಡಾಕ್ಟರು ಹಿಂತಿರುಗಿ ನೋಡಿದರು. ಮೇಟ್ರನ್ ಎದ್ದು ನಿಂತರು. ನಗೆ ನಿಂತಿತು.

ಎಲ್ಲ ಮುಗಿದು ಅತಿಥಿಗಳು ಹೋದ ಮೇಲೆ ಆಯಾಗಳು ಮತ್ತೆ ಕುರ್ಚಿ ಜೋಡಿಸತೊಡಗಿದರು. ಈಗ ಬೈಗುಳ ಶುರುವಾಗುತ್ತದೆ ಎಂದುಕೊಂಡು ನಾನು ಚಾಚಿಯ ಪಕ್ಕಕ್ಕೆ ಹೋಗಿ ನಿಂತೆ. ಅವಳನ್ನು ಕೇಳದೆಯೇ ಅವಳ ಕಂಕುಳಲ್ಲಿದ್ದ ಪರ್ಸು ತೆಗೆದು, ಆ ಚೀಟಿ ಬಿಚ್ಚಿ ಮೇಟ್ರನ್ ಕೈಗೆ ಕೊಟ್ಟೆ. ಚಾಚಿ ನನ್ನ ತೋಳು ಹಿಡಿದಳು, ಹಿಡಿತದಲ್ಲಿ ಬಲವಿರಲಿಲ್ಲ.

ಮೇಟ್ರನ್ ಎರಡು ಗೆರೆ ಎಳೆದ ಸಾಲನ್ನು ಓದಿದರು. "ಎಷ್ಟ ದಿವಸಾತು ಇದು?" ಎಂದರು. ನನ್ನ ಪಟ್ಟಿಯನ್ನು ಕುರಿತು ಕೇಳಿದ ದನಿಯಲ್ಲೇ.

"ಒಂದು ವರ್ಷರಿ," ಎಂದೆ ನಾನು.

ಅವರು ಚೀಟಿ ಮಡಿಸಿ ವಾಪಸು ಕೊಟ್ಟರು. ಆಮೇಲೆ ಬಗ್ಗಿ ಒಂದು ಕುರ್ಚಿ ಎತ್ತಿಕೊಂಡರು. "ಏನ ನೋಡಾಕತ್ತೀರಿ? ಒಬ್ಬೊಬ್ಬರು ಒಂದೊಂದ ತಗೊಂಡು ಇಳೀರಿ. ಎಲ್ಲಾರೂ." ಎಲ್ಲರೂ ಇಳಿದೆವು, ಎಲುಬಿನ ಡಾಕ್ಟರು ಕೂಡ. ಅವರು ಮೆಟ್ಟಿಲ ಮೇಲೆ ಕುರ್ಚಿ ಹಿಡಿದು ನನ್ನ ಹಿಂದೆ ಇಳಿಯುತ್ತ, "ನಿಮ್ಮ ಕುತ್ತಿಗಿ ಹೆಂಗೈತಿ ಸಿಸ್ಟರ್?" ಎಂದು ಕೇಳಿದರು. ಕೆಳಗೆ ಮುಟ್ಟುವ ತನಕ ಅವರಿಗೆ ತಪ್ಪಿಸಿಕೊಳ್ಳುವ ದಾರಿಯಿರಲಿಲ್ಲವಾದ್ದರಿಂದ ಎಲ್ಲವನ್ನೂ ವಿವರವಾಗಿ ಹೇಳಿದೆ.

ಸುಪರ್‌ವೈಸರ್‌ಗೆ ಮೇಟ್ರನ್ ಏನು ಹೇಳಿದರೋ ತಿಳಿಯದು. ಮುಂದಿನ ಸೋಮವಾರದಿಂದ ಚಾಚಿಯ ಹೆಸರು ಮಕ್ಕಳ ವಾರ್ಡಿಗೆ ಮಾತ್ರ ಬಂತು. ಎಲುಬಿನ ವಾರ್ಡಿಗೆ ಇಬ್ಬರು ಗಟ್ಟಿ ಗಂಡಾಳುಗಳನ್ನು ಹಾಕಿದರು; ಒಬ್ಬಳೇ ಮಾಡುತ್ತಿದ್ದುದನ್ನು ಅವರಿಬ್ಬರು ಮಾಡುತ್ತಾರೆ, ದಿನವೂ ಸುಸ್ತಾಯಿತೆಂದು ಗೊಣಗುತ್ತಾರೆ. ನನಗೆ ಈಗಲೂ ಚಳಿಗೆ ಕುತ್ತಿಗೆ ಬಿಗಿಯುತ್ತದೆ. ಹೊಸ ಹುಡುಗಿಯರಿಗೆ ಕೂತು ಸೂಜಿ ಹಾಕಿರೆಂದು ಹೇಳಿದರೆ, ಡಾಕ್ಟರ್ ಎದುರಿಗೆ ಕೂರುವುದು ಹೇಗೆ ಎಂದು ನಿಂತೇ ಹಾಕುತ್ತಾರೆ.

ಆ ಸೋಮವಾರ ಜ್ವರ ಬಂದ ಐದು ವರ್ಷದ ಹುಡುಗಿಯೊಬ್ಬಳನ್ನು ಮುಂಡರಗಿಯಿಂದ ಕರೆತಂದಿದ್ದರು. ದುಂಡಗಿನ ಮಗು. ಎಕ್ಸ್-ರೇಗೆ ಕೆಳಗೆ ಹೋಗಬೇಕು. ಎತ್ತಿಕೊಂಡರೇ ಬರುವೆನೆಂದು ಹಟ ಹಿಡಿದು ಎರಡೂ ಕೈ ಮೇಲೆತ್ತಿ ನಿಂತಿತ್ತು. ತಾಯಿ ಔಷಧ ತರಲು ಹೋಗಿದ್ದಳು. ಚಾಚಿ ಅದರ ಮುಂದೆ ಕುಕ್ಕರಗಾಲಲ್ಲಿ ಕೂತು, "ನಿಮ್ಮನ್ನ ಎತಗೋಬ್ಯಾಡ ಅಂತ ಡಾಕ್ಟರ್ ಚೀಟಿ ಬರದಕೊಟ್ಟಾರ ಅಕ್ಕಾರ. ಓದಿ ತೋರಸಲೇನು?" ಎಂದಳು. ಮಗು ಸ್ವಲ್ಪ ಹೊತ್ತು ಯೋಚಿಸಿ, ಚೀಟಿ ಇದ್ದ ಮೇಲೆ ಏನು ಮಾಡುವುದಕ್ಕಾಗುತ್ತದೆ ಎಂಬಂತೆ ಅವಳ ಕೈ ಹಿಡಿದು ನಡೆಯಿತು.

ಮರಳಿ ಬಂದಾಗ ಚಾಚಿಯ ಮುಖ ಅರಳಿತ್ತು. "ಕೈ ಎಷ್ಟ ಬೆಚ್ಚಗ ಇತ್ತು ಗೊತ್ತೇನ್ರಿ ಸಿಸ್ಟರ್. ಹೋಗಿ ಬರೂತನಕ ಬಿಡಲೇ ಇಲ್ಲ."

ನನಗೆ ಎದೆ ತುಂಬಿ ಬಂತು. "ಬೆರಳಿಗೆ ಗೊತ್ತಾತಾ ಚಾಚಿ?" ಎಂದೆ.

"ಹೂಂ ಮತ್ತ. ಎಡಗೈ ಅಲ್ಲೇನ್ರಿ ಕೊಟ್ಟಿದ್ದು," ಎಂದಳು ಚಾಚಿ. "ಬಲಗೈ ಕೊಟ್ಟಿದ್ರ ಕೂಸು ನಡುದಾರ್ಯಾಗ ಬಿಟ್ಟು ಹೋದ್ರೂ ನನಗ ಖಬರ ಇರತಿರಲಿಲ್ಲ."